ಮಾಯಿದ ಗಾಯವೂ ಮಾಯದ ಕಲೆಯೂ

ವ್ರಣವು ಚೆನ್ನಾಗಿ ಮಾಯಿದೆಯೆಂದು ವೈದ್ಯನು ಯಾವಾಗ ನಿಶ್ಚಯಿಸಬೇಕು ಎಂಬ ಪ್ರಶ್ನೆಯನ್ನು ಸುಶ್ರುತಸಂಹಿತೆಯ ಸೂತ್ರಸ್ಥಾನವು ಎತ್ತಿಕೊಂಡು, ‘ಸಮ್ಯಗ್ರೂಢ’ವೆಂಬ ಪಾರಿಭಾಷಿಕ ಶಬ್ದದಿಂದ ಅದಕ್ಕೆ ಉತ್ತರ ಹೇಳಿದೆ. ಬಾಯಿ ಮುಚ್ಚಿದ ಮಾತ್ರಕ್ಕೆ ಗಾಯವು ಸಮ್ಯಗ್ರೂಢವೆನಿಸದು. ಮಾಯಿದ ಎಡೆಯು ಸುತ್ತಲ ಚರ್ಮದೊಡನೆ ಬಣ್ಣದಲ್ಲಿಯೂ ಮಟ್ಟದಲ್ಲಿಯೂ ಒಂದಾಗಿರಬೇಕು, ನೋವು ಬಾವುಗಳು ಅಡಗಿರಬೇಕು, ಗಂಟು ನಿಂತಿರಬಾರದು. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ವ್ರಣಕ್ಕೆ ಅರುವತ್ತು ಉಪಕ್ರಮಗಳನ್ನು ಎಣಿಸುವಾಗ, ಮೇಲೆದ್ದ ಮಾಂಸವನ್ನು ತಗ್ಗಿಸುವುದು, ಬಿಳುಪೇರಿದ ಕಲೆಯನ್ನು ಕಪ್ಪಾಗಿಸುವುದು, ಕಪ್ಪಾದುದನ್ನು ತಿಳಿಗೊಳಿಸುವುದು, ಕಲೆಯ ಮೇಲೆ ರೋಮ ಬೆಳೆಯಿಸುವುದು ಇವುಗಳನ್ನೂ ಸೇರಿಸಿದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಗ್ರಂಥಿಗಳ ಪರಿಗಣನೆಯೊಳಗೆ ‘ವ್ರಣಗ್ರಂಥಿ’ಯೆಂಬುದೇ ಒಂದು ಪ್ರತ್ಯೇಕ ಭೇದ. ಗಂಟಿಲ್ಲದಿರುವುದನ್ನು ಲಕ್ಷಣವಾಗಿ ಹೇಳಬೇಕಾಯಿತೆಂದರೆ ಗಂಟುಕಟ್ಟಿ ಮಾಯುವ ಗಾಯಗಳು ಆ ವೈದ್ಯರ ಕಣ್ಣಿಗೆ ಬಿದ್ದೇ ಇದ್ದುವೆಂದು ಊಹಿಸಬಹುದು.

ಕನ್ನಡದಲ್ಲಿ ಗಾಯ ‘ಮಾಯುತ್ತದೆ’. ಈ ಮಾತನ್ನು ಕೇಳಿದೊಡನೆ ‘ಮಾಯವಾಗುವುದು’ ನೆನಪಿಗೆ ಬರುವುದು ಸಹಜವಾದರೂ ಆಳವಾದ ಗಾಯವೊಂದು ಹಾಗೆ ಮಾಯವಾಗುವುದೇ ಇಲ್ಲ. ಅದು ಕಲೆಯಾಗಿ ಉಳಿಯುತ್ತದೆ. ಹೆಚ್ಚಿನವರಲ್ಲಿ ಆ ಕಲೆ ವರ್ಷವೆರಡು ವರ್ಷಗಳಲ್ಲಿ ತೆಳುವಾಗಿ, ಬಿಳಿಚಿ, ಸುತ್ತಲ ಚರ್ಮದ ಮಟ್ಟಕ್ಕೆ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಇಳಿಯುವುದರ ಬದಲು ಏರುತ್ತದೆ. ಕೆಂಪಗೆ ಗಟ್ಟಿಯಾಗಿ, ತುರಿಸುತ್ತ, ಉಬ್ಬಿ ನಿಲ್ಲುತ್ತದೆ. ಇದನ್ನು ಕಂಡ ಜನರು ಒಳಗೆ ಕೀವು ಉಳಿದಿದೆಯೆಂದೂ, ರಕ್ತ ಕೆಟ್ಟಿದೆಯೆಂದೂ, ಗಾಯ ಸರಿಯಾಗಿ ಮಾಯಲಿಲ್ಲವೆಂದೂ ಹೇಳುವುದುಂಟು. ಆ ಕಾರಣದಿಂದಲೇ ಅದನ್ನು ಕೊಯ್ಯಿಸಿ, ಸುಡಿಸಿ, ಸುಣ್ಣ ಸೋಡಾ ಹಚ್ಚಿ ತೆಗೆಯಿಸಲು ಹೊರಡುತ್ತಾರೆ. ಕೆಲವು ತಿಂಗಳಲ್ಲಿ ಹುಣಿಸೆಬೀಜದಷ್ಟಿದ್ದ ಗಂಟು ಅಡಕೆಯಷ್ಟಾಗಿ ಮರಳುತ್ತದೆ. ಮಾಯುವ ಕಾರ್ಯ ಅಲ್ಲಿ ಕಡಿಮೆಯಾಗಿಲ್ಲ. ಅದು ನಿಲ್ಲಬೇಕಾದ ಕಾಲದಲ್ಲಿ ನಿಂತಿಲ್ಲ. ಇಷ್ಟನ್ನು ತಿಳಿಯುವುದಕ್ಕೆ ಚರ್ಮದ ಕೆಳಗಿನ ನೆಯ್ಗೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಚರ್ಮಕ್ಕೆ ಎರಡು ಪದರಗಳು. ಕಣ್ಣಿಗೆ ಕಾಣುವ ಹೊರಚರ್ಮವು ಕಾಗದದಷ್ಟು ತೆಳುವಾದುದು. ಜೀವಕೋಶಗಳನ್ನು ಒತ್ತಾಗಿ ಅಡುಕಿ ಮಾಡಿದ ಈ ಪದರವು ತನ್ನನ್ನು ತಾನೇ ನಿತ್ಯವೂ ಹೊಸದಾಗಿಸಿಕೊಳ್ಳುತ್ತದೆ. ಗಾಯವು ಇಷ್ಟಕ್ಕೇ ನಿಂತರೆ ಕಲೆಯೇ ಉಳಿಯದು. ಮೊಣಕಾಲು ತರಚಿಕೊಂಡ ಹುಡುಗರು ಇದಕ್ಕೆ ಸಾಕ್ಷಿ. ಅದರ ಕೆಳಗಿನ ಒಳಚರ್ಮವು ಬೇರೆ ಜಾತಿಯದು. ಅಲ್ಲಿ ಜೀವಕೋಶಗಳು ವಿರಳ. ಅವುಗಳ ನಡುವೆ ತುಂಬಿರುವ ನಾರಿನ ಹೆಣಿಗೆಯೇ ಬಹಳ. ದೇಹದ ಬೇರೆ ಬೇರೆ ಭಾಗಗಳನ್ನು ಕೂಡಿಸಿ ಹಿಡಿಯುವ ಇಂಥ ವಸ್ತುವಿಗೆ ಸಂಯೋಜಕ ಅಂಗಾಂಶವೆಂದು ಹೆಸರು. ಸ್ನಾಯುವನ್ನು ಎಲುಬಿಗೆ ಕಟ್ಟುವ ಕಂಡರ, ಎಲುಬನ್ನು ಎಲುಬಿಗೆ ಬಿಗಿಯುವ ಬಂಧ, ಕೀಲಿನ ಮೃದ್ವಸ್ಥಿ, ಕಡೆಗೆ ಎಲುಬು ಕೂಡ ಈ ಕುಲಕ್ಕೆ ಸೇರಿದುವು. ಒಳಚರ್ಮದ ನಾರುಗಳನ್ನು ಸ್ರವಿಸಿ ನೆಯ್ಯುವ ಜೀವಕೋಶಕ್ಕೆ ಫೈಬ್ರೋಬ್ಲಾಸ್ಟ್ ಎನ್ನುತ್ತಾರೆ. ಕನ್ನಡದಲ್ಲಿ ತಂತುಜನಕ ಕೋಶವೆನ್ನಬಹುದು. ಗಾಯದ ಕಥೆಯಲ್ಲಿ ನಾಯಕನೂ ಈತನೇ, ಪ್ರತಿನಾಯಕನೂ ಈತನೇ.

ಆ ನಾರಿನ ಹೆಸರು ಕೊಲಾಜನ್. ಮನುಷ್ಯದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಇದೇ. ಇದರ ರಚನೆಯ ರಹಸ್ಯವನ್ನು ಬಿಡಿಸಿದವರು ಭಾರತೀಯರೆಂಬುದು ನಮ್ಮ ಶಾಲೆಗಳ ಪಾಠಗಳಲ್ಲಿ ಇನ್ನೂ ತಕ್ಕಷ್ಟು ಪ್ರಚಾರ ಪಡೆದಿಲ್ಲ. ಜಿ. ಎನ್. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ವಿದ್ಯುತ್ ಇಂಜಿನಿಯರಿಂಗ್ ಕಲಿಯಲು ಬಂದು, ಸಿ. ವಿ. ರಾಮನ್ ಅವರ ಆಕರ್ಷಣೆಗೆ ಒಳಗಾಗಿ ಭೌತವಿಜ್ಞಾನದ ಕಡೆಗೆ ತಿರುಗಿದವರು. ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದಾಗ ಅವರಿಗಿನ್ನೂ ಮೂವತ್ತರ ಆಸುಪಾಸು. ಆ ವರ್ಷ ಅಲ್ಲಿಗೆ ಭೇಟಿಯಿತ್ತ ಆಂಗ್ಲ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜನ್ನಿನ ರಚನೆ ಇನ್ನೂ ಬಿಡಿಸದ ಒಗಟಾಗಿ ಉಳಿದಿದೆಯೆಂದು ಅವರ ಗಮನಕ್ಕೆ ತಂದರು. ಕೇಂದ್ರೀಯ ಚರ್ಮಸಂಶೋಧನಾಲಯವು ಅದೇ ನಗರದಲ್ಲಿದ್ದುದು ಅನುಕೂಲವಾಯಿತು. ಸಹೋದ್ಯೋಗಿ ಗೋಪಿನಾಥ ಕರ್ತಾ ಅವರೊಡನೆ ಕ್ಷಕಿರಣಗಳಿಂದ ಆ ನಾರನ್ನು ಪರೀಕ್ಷಿಸಿ, ೧೯೫೪ರಲ್ಲಿಯೂ ೧೯೫೫ರಲ್ಲಿಯೂ ‘ನೇಚರ್’ ಪತ್ರಿಕೆಯಲ್ಲಿ ಅವರು ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಕೊಲಾಜನ್ ಮೂರು ಎಳೆಗಳ ಹುರಿ ಎಂಬುದೇ ಆ ನಿರ್ಣಯ. ಸೂಕ್ಷ್ಮ ವಿವರಗಳಲ್ಲಿ ಕೇಂಬ್ರಿಜ್ಜಿನ ವಿದ್ವಾಂಸರೊಡನೆ ವಾಗ್ವಾದ ನಡೆದು ತಿದ್ದುಪಡಿಗಳಾದುವಾದರೂ ಮೂರೆಳೆಯ ಮೂಲಕಲ್ಪನೆ ಹಾಗೆಯೇ ನಿಂತಿದೆ. ರಾಮಚಂದ್ರನ್ ಅವರು ೧೯೭೧ರಲ್ಲಿ ಬೆಂಗಳೂರಿಗೆ ಹಿಂದಿರುಗಿ ವಿಜ್ಞಾನ ಮಂದಿರದಲ್ಲಿಯೇ ಅಣುಜೀವಭೌತ ವಿಭಾಗವನ್ನು ಕಟ್ಟಿದರು, ೨೦೦೧ರಲ್ಲಿ ದಿವಂಗತರಾದರು.

ಹಗ್ಗ ಹೊಸೆಯುವುದನ್ನು ಕಂಡವರಿಗೆ ಈ ರಚನೆಯನ್ನು ತಿಳಿಯುವುದು ಕಷ್ಟವಲ್ಲ. ಬಿಡಿ ಎಳೆಗೆ ಒಂದು ಕಡೆಗೆ ಹುರಿ ಕೊಟ್ಟು, ಮೂರನ್ನೂ ಕೂಡಿಸುವಾಗ ಎದುರು ಕಡೆಗೆ ತಿರುಚುತ್ತಾರೆ. ಹಾಗೆ ಮಾಡಿದಾಗಲೇ ಹಗ್ಗವು ತಾನಾಗಿ ಬಿಚ್ಚಿಕೊಳ್ಳದು. ಕೊಲಾಜನ್ನಿನ ಒಂದೊಂದು ಎಳೆಯೂ ಎಡಕ್ಕೆ ಸುತ್ತಿರುತ್ತದೆ, ಮೂರೂ ಕೂಡಿದ ಹುರಿ ಬಲಕ್ಕೆ ಸುತ್ತಿರುತ್ತದೆ. ಸುಮಾರು ಸಾವಿರ ಅಮೈನೋ ಆಮ್ಲಗಳನ್ನು ಪೋಣಿಸಿದ ಎಳೆಯಲ್ಲಿ ಪ್ರತಿ ಮೂರನೆಯ ಮಣಿಯೂ ಗ್ಲೈಸೀನ್. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದಾದ ಇದಲ್ಲದೆ ಬೇರಾವುದೂ ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸದು.

ಈ ಹುರಿ ಗಟ್ಟಿಯಾಗಿ ನಿಲ್ಲಬೇಕಾದರೆ ಎಳೆಯಲ್ಲಿರುವ ಪ್ರೋಲೀನ್ ಎಂಬ ಮಣಿಗಳಿಗೆ ಒಂದು ಸಂಸ್ಕಾರವಾಗಬೇಕು. ಆ ಸಂಸ್ಕಾರಕ್ಕೆ ‘ಸಿ’ ಜೀವಸತ್ವ ಬೇಕು. ನೆಲ್ಲಿ, ನಿಂಬೆ, ಸೀಬೆಗಳಲ್ಲಿ ಹೇರಳವಾಗಿರುವ ಈ ಜೀವಸತ್ವವು ತಿಂಗಳುಗಟ್ಟಲೆ ದೊರೆಯದೆ ಹೋದಾಗ ಬರುವ ರೋಗವೇ ಸ್ಕರ್ವಿ. ೧೭೪೦ರಿಂದ ೧೭೪೪ರವರೆಗೆ ಭೂಪ್ರದಕ್ಷಿಣೆ ಮಾಡಿದ ಆಂಗ್ಲ ನೌಕಾಧಿಪತಿ ಆನ್ಸನ್ನನ ಯಾತ್ರೆಯ ವೃತ್ತಾಂತದಲ್ಲಿ ಒಂದು ವಿಚಿತ್ರ ಸಂಗತಿ ದಾಖಲಾಗಿದೆ. ಐರ್ಲೆಂಡಿನ ಬಾಯ್ನ್ ನದಿಯ ದಂಡೆಯಲ್ಲಿ ೧೬೯೦ರಲ್ಲಿ ನಡೆದ ಕದನದಲ್ಲಿ ಗಾಯಗೊಂಡು, ಬೇಗನೆ ಗುಣವಾಗಿ, ಐವತ್ತು ವರ್ಷ ನೆಮ್ಮದಿಯಾಗಿದ್ದ ಮುದಿ ಸಿಪಾಯಿಯೊಬ್ಬನಿಗೆ ಹಡಗಿನಲ್ಲಿ ಸ್ಕರ್ವಿ ಹಿಡಿಯಿತು. ಅವನ ಹಳೆಯ ಗಾಯಗಳು ಎಂದೂ ಮಾಯದಿದ್ದಂತೆ ಮತ್ತೆ ಬಾಯಿ ಬಿಟ್ಟುವು. ೧೭೪೭ರಲ್ಲಿ ಜೇಮ್ಸ್ ಲಿಂಡನು ಕಿತ್ತಳೆ ನಿಂಬೆಗಳಿಂದ ಈ ರೋಗವು ವಾಸಿಯಾಗುವುದನ್ನು ಹಡಗಿನ ಹನ್ನೆರಡು ಮಂದಿ ರೋಗಿಗಳ ಮೇಲೆ ಪ್ರಯೋಗಮಾಡಿ ತೋರಿಸಿದನು; ಕಾರಣವು ತಿಳಿಯುವುದಕ್ಕೆ ಮಾತ್ರ ಮುಂದಿನ ಶತಮಾನಗಳೇ ಬೇಕಾದುವು.

ಆ ಸಿಪಾಯಿಯ ಪ್ರಸಂಗವನ್ನು ಇಲ್ಲಿ ಹೇಳಿದುದು ವಿನೋದಕ್ಕಲ್ಲ. ಕಲೆಯೆಂದರೆ ಹರಿದ ಬಟ್ಟೆಗೆ ಹಾಕಿದ ತೇಪೆಯಂತೆ ಒಮ್ಮೆ ಹೊಲಿದರೆ ಮುಗಿಯಿತೆಂಬ ಭಾವನೆ ಸಾಮಾನ್ಯ. ಆದರೆ ಐವತ್ತು ವರ್ಷದ ಕಲೆಯಲ್ಲಿಯೂ ಹಳೆಯ ನಾರು ಕರಗುತ್ತಲೇ ಇರುತ್ತದೆ, ಹೊಸ ನಾರು ಹುಟ್ಟುತ್ತಲೇ ಇರುತ್ತದೆ. ಹುಟ್ಟುವುದು ನಿಂತು ಕರಗುವುದು ಮುಂದುವರಿದರೆ ಗಾಯ ಬಿಚ್ಚಿಕೊಳ್ಳುತ್ತದೆ. ಕರಗುವುದಕ್ಕಿಂತ ಹುಟ್ಟುವುದು ಮಿಕ್ಕರೆ? ಅದೇ ಉಬ್ಬಿದ ಕಲೆ.

ಇನ್ನು ಗಾಯವು ಮಾಯುವ ಕ್ರಮ. ರಕ್ತನಾಳವು ಹರಿದ ಕೆಲವೇ ನಿಮಿಷಗಳಲ್ಲಿ ರಕ್ತದ ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಗುಂಪುಗೂಡಿ ಬಿರಟೆಯಂತೆ ರಂಧ್ರವನ್ನು ಮುಚ್ಚುತ್ತವೆ. ರಕ್ತವು ಹೆಪ್ಪುಗಟ್ಟಿ, ಮೇಲ್ಭಾಗವು ಒಣಗಿ ಹಕ್ಕಳೆಯಾಗುತ್ತದೆ. ಅದೇ ಕಿರುಕಣಗಳು ಕೆಲವು ರಾಸಾಯನಿಕ ಸಂದೇಶಗಳನ್ನೂ ಹೊರಡಿಸುತ್ತವೆ. ಕರೆಗೆ ಓಗೊಟ್ಟು ಮೊದಲ ದಿನವೇ ಬಿಳಿಯ ರಕ್ತಕಣಗಳು, ಎರಡು ಮೂರು ದಿನಗಳಲ್ಲಿ ದೊಡ್ಡ ಭಕ್ಷಕ ಕೋಶಗಳು ಬಂದು ಕೊಳೆಯನ್ನೂ ರೋಗಾಣುಗಳನ್ನೂ ನುಂಗಿ ಸ್ಥಳವನ್ನು ಶುದ್ಧಮಾಡುತ್ತವೆ. ಗಾಯವು ಕೆಂಪಾಗಿ ಬಿಸಿಯಾಗಿ ಊದಿಕೊಳ್ಳುವ ಕಾಲವಿದು. ಬಳಿಕ ತಂತುಜನಕ ಕೋಶಗಳ ಸರದಿ. ಅವು ಗಾಯದೊಳಕ್ಕೆ ತೆವಳಿ ಬಂದು ಎಳೆಯ ಕೊಲಾಜನ್ನನ್ನು ನೂಲತೊಡಗುತ್ತವೆ. ಹೊಸ ಸೂಕ್ಷ್ಮ ರಕ್ತನಾಳಗಳು ಟಿಸಿಲೊಡೆಯುತ್ತವೆ. ಗಾಯದ ತಳದಲ್ಲಿ ದಾಳಿಂಬೆಯ ಕಾಳುಗಳಂತೆ ಕೆಂಪಗೆ ಹೊಳೆಯುವ ಮಾಂಸಾಂಕುರಗಳೆಂದರೆ ಇವೇ.

ಈ ಹಂತದಲ್ಲಿ ಕೆಲವು ತಂತುಜನಕ ಕೋಶಗಳು ವೇಷ ಬದಲಿಸುತ್ತವೆ. ಸ್ನಾಯುವಿನಂತೆ ಸಂಕೋಚಿಸುವ ಶಕ್ತಿಯನ್ನು ಪಡೆದು ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ. ಜಿನೀವಾದಲ್ಲಿ ಗಬ್ಬಿಯಾನಿ ಮತ್ತು ಅವರ ಸಂಗಡಿಗರು ೧೯೭೧ರಲ್ಲಿ ಈ ಮಿಶ್ರಸ್ವಭಾವದ ಕೋಶವನ್ನು ಮೊದಲು ವರ್ಣಿಸಿದರು. ಗಾಯವು ಚಿಕ್ಕದಾಗುತ್ತ ಬರುವುದು ಬಹುಮಟ್ಟಿಗೆ ಇವುಗಳ ಕೃಪೆಯಿಂದ. ಬಾಯಿ ಮುಚ್ಚಿದ ಅನಂತರ ಇವು ಕೆಲಸ ಮುಗಿದ ಕೂಲಿಕಾರರಂತೆ ಹೊರಟುಹೋಗಬೇಕು, ಎಂದರೆ ತಾವಾಗಿಯೇ ಸಾಯಬೇಕು. ಸಾಮಾನ್ಯವಾದ ಗಾಯದಲ್ಲಿ ಹಾಗೆಯೇ ಆಗುತ್ತದೆ.

ಕಡೆಯದು ನವೀಕರಣ, ಇದು ಮೂರನೆಯ ವಾರದಿಂದ ಮೊದಲ್ಗೊಂಡು ಒಂದು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಲ ನಡೆಯುತ್ತದೆ. ಅವಸರದಲ್ಲಿ ಹಾಕಿದ ಎಳೆಯ ನಾರನ್ನು ತೆಗೆದು ಬಲಿಷ್ಠವಾದ ನಾರನ್ನು ಹಾಕುವ ಕೆಲಸವಿದು. ಮೂರು ವಾರ ತುಂಬಿದಾಗ ಗಾಯಕ್ಕೆ ಮೊದಲಿನ ಚರ್ಮದ ಐದನೆಯ ಒಂದು ಪಾಲಿನಷ್ಟು ಬಲ ಬಂದಿರುತ್ತದೆ. ಎಷ್ಟು ಕಾಲ ಕಳೆದರೂ ನೂರಕ್ಕೆ ಎಂಬತ್ತನ್ನು ಅದು ಮೀರದು. ಸಹಜವಾದ ಒಳಚರ್ಮದಲ್ಲಿ ನಾರುಗಳು ಬಿದಿರ ಬುಟ್ಟಿಯ ಹೆಣಿಗೆಯಂತೆ ಎಲ್ಲ ದಿಕ್ಕಿಗೂ ಹಾಯ್ದು ಹೆಣೆದುಕೊಂಡಿದ್ದರೆ, ಕಲೆಯಲ್ಲಿ ಹುಲ್ಲಿನ ಸಿವುಡಿನಂತೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ರೋಮವೂ ಬೆವರಿನ ಗ್ರಂಥಿಗಳೂ ಅಲ್ಲಿ ಮತ್ತೆ ಹುಟ್ಟುವುದಿಲ್ಲ.

ನೂಲುವವನಂತೆ ಬಿಚ್ಚುವವನೂ ಬೇಕೆಂಬುದನ್ನು ವಿಜ್ಞಾನಕ್ಕೆ ತೋರಿಸಿಕೊಟ್ಟುದು ಒಂದು ಗೊದಮೊಟ್ಟೆ. ಕಪ್ಪೆಯಾಗುವ ಕಾಲಕ್ಕೆ ಗೊದಮೊಟ್ಟೆಯ ಬಾಲ ಉದುರಿ ಬೀಳುವುದಿಲ್ಲ. ಕರಗಿ ದೇಹದಲ್ಲಿಯೇ ಲೀನವಾಗುತ್ತದೆ. ಬಾಲದ ಚರ್ಮದಲ್ಲಿ ಗಟ್ಟಿಯಾದ ಕೊಲಾಜನ್ ಇರುವಾಗ ಅದು ಕರಗುವುದು ಹೇಗೆ? ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬವರು ೧೯೬೨ರಲ್ಲಿ ಆ ಬಾಲದ ಅಂಗಾಂಶದಿಂದ ಕೊಲಾಜನ್ನನ್ನು ಕತ್ತರಿಸಬಲ್ಲ ಕಿಣ್ವವೊಂದನ್ನು ಕಂಡುಹಿಡಿದರು. ಅದೇ ಕೊಲಾಜನೇಸ್. ಇಂಥ ಕಿಣ್ವಗಳ ಒಂದು ಬಳಗವೇ ಮನುಷ್ಯನ ಚರ್ಮದಲ್ಲಿಯೂ ಇದೆಯೆಂದು ಮುಂದೆ ತಿಳಿದುಬಂದಿತು. ಕಲೆಯನ್ನು ತಗ್ಗಿಸಿ ಸಮತಲಕ್ಕೆ ತರುವವು ಇವೇ.

ಈ ನೂಲುವ ಬಿಚ್ಚುವ ಸಮತೋಲ ಕೆಟ್ಟಾಗ ಹುಟ್ಟುವ ಕಲೆಗಳಲ್ಲಿ ಎರಡು ಜಾತಿ. ಇವೆರಡನ್ನೂ ಒಂದೆಂದು ಭಾವಿಸುವುದರಿಂದ ಬಹಳ ಅನರ್ಥವಾಗಿದೆ. ಮೊದಲನೆಯದನ್ನು ಉಬ್ಬುಗಲೆ ಎಂದು ಕರೆಯೋಣ. ಇದು ಗಾಯವಾದ ಒಂದೆರಡು ತಿಂಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಎಷ್ಟೇ ಎತ್ತರವಾದರೂ ಗಾಯದ ಮೂಲದ ಎಲ್ಲೆಯನ್ನು ದಾಟುವುದಿಲ್ಲ. ವರ್ಷವೆರಡು ವರ್ಷಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಹೊರಟುಹೋಗಬೇಕಾಗಿದ್ದ ಆ ಸಂಕೋಚಕ ಕೋಶಗಳು ಇಲ್ಲಿ ತಡವಾಗಿ ಹೋಗುತ್ತವೆ. ಎರಡನೆಯದು ಕೀಲಾಯ್ಡ್. ಇದಕ್ಕೆ ಎಲ್ಲೆಯೆಂಬುದೇ ಇಲ್ಲ. ಗುಂಡುಸೂಜಿಯ ಮೊನೆಯಷ್ಟು ಗಾಯದಿಂದ ಹೊರಟು, ಗಾಯವೇ ಆಗದಿದ್ದ ಪಕ್ಕದ ಒಳ್ಳೆಯ ಚರ್ಮದ ಮೇಲೂ ಹಬ್ಬುತ್ತದೆ. ಗಾಯವಾದ ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ, ಜನರು ಗಾಯವನ್ನೇ ಮರೆತಿರುವಾಗ ತಲೆಯೆತ್ತುತ್ತದೆ; ತಾನಾಗಿ ಇಳಿಯುವುದು ತೀರ ಅಪರೂಪ. ಮೊಡವೆಯಿಂದಲೂ, ಕೀಟ ಕಚ್ಚಿದುದರಿಂದಲೂ, ಚುಚ್ಚುಮದ್ದಿನಿಂದಲೂ ಇದು ಹುಟ್ಟಬಹುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಜಿನಂತೆ ಹೊಳೆಯುವ ದಪ್ಪ ದಪ್ಪ ಕೊಲಾಜನ್ ಪಟ್ಟಿಗಳು ಕ್ರಮವಿಲ್ಲದೆ ಒಟ್ಟಿಕೊಂಡಿರುವುದು ಕಾಣುತ್ತದೆ. ಬೆಳವಣಿಗೆಯ ಬಿರುಸೆಲ್ಲ ಅಂಚಿನಲ್ಲಿ. ನಡುಭಾಗವು ಅಷ್ಟು ಚಟುವಟಿಕೆಯದಲ್ಲ. ತುರಿಕೆ ಅಂಚಿನಲ್ಲಿಯೇ ಹೆಚ್ಚಾಗಿರುವುದು ಇದರಿಂದಲೇ.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯ ಚರ್ಮವೈದ್ಯ ಅಲಿಬೇರ್ ೧೮೦೬ರಲ್ಲಿ ಇದನ್ನು ವರ್ಣಿಸಿದಾಗ, ಅಂಚಿನಿಂದ ಚಾಚುವ ಇದರ ಹಬ್ಬುಗೆಯನ್ನು ಕಂಡು ಕ್ಯಾನ್ಸರನ್ನು ಹೋಲುವುದೆಂಬ ಅರ್ಥದ ಹೆಸರನ್ನಿಟ್ಟನು. ಇದು ಕ್ಯಾನ್ಸರ್ ಅಲ್ಲವೆಂಬುದು ಸ್ಪಷ್ಟವಾದ ಮೇಲೆ ಜನರಿಗೆ ಭ್ರಾಂತಿಯಾಗದಿರಲೆಂದು ೧೮೧೭ರಲ್ಲಿ ಆ ಹೆಸರನ್ನು ಬಿಟ್ಟು, ಏಡಿಯ ಚಿಮುಟಗಾಲು ಎಂಬರ್ಥದ ಗ್ರೀಕ್ ಶಬ್ದದಿಂದ ‘ಕೀಲಾಯ್ಡ್’ ಎಂಬುದನ್ನು ಸೃಷ್ಟಿಸಿದನು. ಕ್ಯಾನ್ಸರ್ ಎಂಬ ಲ್ಯಾಟಿನ್ ಶಬ್ದದ ಅರ್ಥವೂ ಏಡಿಯೇ. ಅದಕ್ಕೆಂದೇ ಕನ್ನಡದಲ್ಲಿ ಅದನ್ನು ಏಡಿಗಂತಿಯೆಂದರು. ಏಡಿಯಿಂದ ತಪ್ಪಿಸಿಕೊಳ್ಳಹೋದ ಪಂಡಿತನು ಏಡಿಯ ಕಾಲನ್ನೇ ಹಿಡಿದಂತಾಯಿತು. ಅದೇನೇ ಇರಲಿ, ಕೀಲಾಯ್ಡ್ ಎಷ್ಟು ಹಬ್ಬಿದರೂ ಕ್ಯಾನ್ಸರಿನಂತೆ ದೂರದ ಅಂಗಗಳಿಗೆ ಹಾರಿ ನೆಲೆಸುವುದಿಲ್ಲ, ಪ್ರಾಣಕ್ಕೆ ಎರವಾಗುವುದಿಲ್ಲ.

ಯಾರಿಗೆ ಇದು ಬರುತ್ತದೆ? ಕಪ್ಪು, ಕಂದು ಮೈಬಣ್ಣದ ಜನಾಂಗಗಳಲ್ಲಿ ಬಿಳಿಯರಿಗಿಂತ ಹೆಚ್ಚು. ಹತ್ತರಿಂದ ಮೂವತ್ತರವರೆಗಿನ ವಯಸ್ಸಿನಲ್ಲಿ ಹೆಚ್ಚು. ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ೨೦೧೦ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಸಂಬಂಧಪಟ್ಟ ಕೆಲವು ಆನುವಂಶಿಕ ತಾಣಗಳನ್ನು ಗುರುತಿಸಿದರು. ಎಲ್ಲಿ ಬರುತ್ತದೆಯೆಂಬುದು ಇನ್ನೂ ಕುತೂಹಲಕರ. ಎದೆಯ ನಡುಭಾಗ, ಹೆಗಲು, ಬೆನ್ನಿನ ಮೇಲ್ಭಾಗ, ದವಡೆಯ ಅಂಚು, ಕಿವಿಯ ಹಾಲೆ ಇವು ಅದಕ್ಕೆ ಪ್ರಿಯವಾದ ತಾಣಗಳು. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಗಳಲ್ಲಿ ಅದು ಕಾಣುವುದು ಬಲು ವಿರಳ. ಒಂದೇ ದೇಹದಲ್ಲಿ ಒಂದೇ ರಕ್ತ ಹರಿಯುತ್ತಿರುವಾಗ ಹೆಗಲಿಗೊಂದು ನ್ಯಾಯ, ರೆಪ್ಪೆಗೊಂದು ನ್ಯಾಯವೇಕೆ? ‘ಕೆಟ್ಟ ರಕ್ತ’ದ ವಾದವು ಈ ಪ್ರಶ್ನೆಯ ಮುಂದೆ ನಿಲ್ಲಲಾರದು.

ಉತ್ತರದ ಒಂದು ಭಾಗವು ಚರ್ಮದ ಸೆಳೆತದಲ್ಲಿದೆ. ವಿಯೆನ್ನಾದ ಶರೀರರಚನಾ ಶಾಸ್ತ್ರಜ್ಞ ಕಾರ್ಲ್ ಲಾಂಗರ್ ೧೮೬೧ರಲ್ಲಿ ಶವಗಳ ಚರ್ಮವನ್ನು ದುಂಡನೆಯ ಮೊನೆಯುಳ್ಳ ದಬ್ಬಳದಿಂದ ಚುಚ್ಚಿ ನೋಡಿದನು. ದುಂಡಗೆ ಚುಚ್ಚಿದ ರಂಧ್ರಗಳು ದುಂಡಗೆ ಉಳಿಯದೆ ಉದ್ದುದ್ದವಾಗಿ ಸೀಳಿದಂತಾದುವು; ಅವುಗಳನ್ನು ಸಾಲಾಗಿ ಕೂಡಿಸಿದಾಗ ಮೈಯ ಮೇಲೆಲ್ಲ ರೇಖೆಗಳ ಒಂದು ನಕಾಶೆಯೇ ಮೂಡಿತು. ಚರ್ಮವು ಸದಾ ಬಿಗಿದ ತಮ್ಮಟೆಯಂತೆ ಎಳೆಯಲ್ಪಟ್ಟಿರುತ್ತದೆ, ಆ ಬಿಗಿತಕ್ಕೆ ಪ್ರತಿಯೊಂದು ಎಡೆಯಲ್ಲಿಯೂ ಒಂದು ದಿಕ್ಕಿದೆಯೆಂದು ಇದರಿಂದ ಸಿದ್ಧವಾಯಿತು. ರೇಖೆಯ ಗುಂಟ ಕೊಯ್ದ ಗಾಯದ ಕಲೆ ಕೂದಲೆಳೆಯಷ್ಟು ತೆಳುವಾಗಿ ಮಾಯುತ್ತದೆ; ಅಡ್ಡಲಾಗಿ ಕೊಯ್ದರೆ ಅಗಲವಾಗಿ ಉಬ್ಬುತ್ತದೆ. ತಂತುಜನಕ ಕೋಶವು ತನ್ನನ್ನು ಎಳೆಯುವ ಸೆಳೆತವನ್ನು ಗ್ರಹಿಸಬಲ್ಲುದು. ಎಳೆದಷ್ಟೂ ಹೆಚ್ಚು ನೂಲುತ್ತದೆ. ಎದೆಯ ನಡುವಿನ ಚರ್ಮವನ್ನು ಎರಡು ತೋಳುಗಳ ಚಲನೆ ಹಗಲಿರುಳೂ ಎಡಬಲಕ್ಕೆ ಜಗ್ಗುವುದರಿಂದ ಅಲ್ಲಿನ ಕೀಲಾಯ್ಡ್ ಸಾಮಾನ್ಯವಾಗಿ ಅಡ್ಡಡ್ಡವಾಗಿಯೇ ಬೆಳೆಯುತ್ತದೆ. ಕಣ್ಣಿನ ರೆಪ್ಪೆಯ ಚರ್ಮವು ಸಡಿಲ. ಅಲ್ಲಿ ನೂಲುವವನಿಗೆ ಪ್ರಚೋದನೆಯೇ ಇಲ್ಲ.

ಆದರೆ ಕಿವಿಯ ಹಾಲೆಯೂ ಸಡಿಲವೇ. ಅಲ್ಲಿ ಕೀಲಾಯ್ಡ್ ಬರುವುದಕ್ಕೆ ಸೆಳೆತವನ್ನು ಹೊಣೆಮಾಡಲಾಗದು. ಚುಚ್ಚಿದ ಗಾಯವು ನಂಜೇರುವುದು, ಲೋಹದ ಒಗ್ಗದಿಕೆ, ಮಾಯುವ ಮೊದಲೇ ತೂಕದ ಓಲೆಯನ್ನು ತೂಗಬಿಡುವುದು ಇವುಗಳಿಂದ ಬಾವು ದೀರ್ಘಕಾಲ ಇಳಿಯದಿರುವುದನ್ನು ಹೇಳಬೇಕು. ಕರ್ಣವೇಧದ ವಿಷಯದಲ್ಲಿ ಸುಶ್ರುತನ ಎಚ್ಚರ ಮೆಚ್ಚತಕ್ಕುದು. ಮಗುವಿನ ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ಹಾಲೆಯನ್ನು ಬಿಸಿಲಿಗೆ ಹಿಡಿದು ಬೆಳಕು ತೂರಿಬರುವ ಎಡೆಯನ್ನು ನೋಡಿ, ಸಿರೆಗಳನ್ನು ತಪ್ಪಿಸಿ ಚುಚ್ಚಬೇಕೆಂದು ಅವನ ವಿಧಾನ. ಈ ಶತಮಾನದ ಒಂದು ಅಧ್ಯಯನದಲ್ಲಿಯೂ ಹನ್ನೊಂದು ವರ್ಷ ತುಂಬುವ ಮೊದಲು ಕಿವಿ ಚುಚ್ಚಿಸಿಕೊಂಡವರಿಗಿಂತ ಅನಂತರ ಚುಚ್ಚಿಸಿಕೊಂಡವರಲ್ಲಿ ಕೀಲಾಯ್ಡ್ ಹೆಚ್ಚಾಗಿ ಕಂಡುಬಂದಿದೆ. ಅಕ್ಕಸಾಲಿಗನ ಚಿನ್ನದ ತಂತಿಯೋ ಅಂಗಡಿಯ ಯಂತ್ರವೋ ಎಂಬುದಕ್ಕಿಂತ, ತಾಯಿತಂದೆಗಳಲ್ಲಿ ಒಬ್ಬರಿಗೆ ಇಂಥ ಗಂಟು ಬಂದಿದ್ದರೆ ಮಕ್ಕಳಿಗೆ ಎರಡನೆಯ ಮೂರನೆಯ ತೂತುಗಳನ್ನು ಹಾಕಿಸುವ ಶೋಕಿಯನ್ನು ಬಿಡುವುದು ಲೇಸು.

ಸುಟ್ಟಗಾಯದ ಪ್ರಕರಣವು ಇದಕ್ಕಿಂತ ಗಂಭೀರವಾದುದು. ಅಲ್ಲಿ ಹೆಚ್ಚಾಗಿ ಬರುವುದು ಉಬ್ಬುಗಲೆ. ಮೂರು ವಾರದೊಳಗೆ ಮಾಯಿದ ಸುಟ್ಟಗಾಯವು ಸಾಮಾನ್ಯವಾಗಿ ಸಮತಲವಾಗಿಯೇ ಉಳಿಯುತ್ತದೆ. ಅದಕ್ಕಿಂತ ತಡವಾದಷ್ಟೂ ಕಲೆ ಉಬ್ಬುವ ಸಂಭವ ಹೆಚ್ಚು. ಆದುದರಿಂದ ಮೊದಲ ಗಳಿಗೆಯಲ್ಲಿ ಮಾಡುವ ಉಪಚಾರವೇ ಮುಂದಿನ ಕಲೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿದರೆ ಸುಡುವಿಕೆಯು ಆಳಕ್ಕೆ ಇಳಿಯುವುದು ತಪ್ಪುತ್ತದೆ. ಶಾಯಿ, ಸಗಣಿ, ಹಲ್ಲುಜ್ಜುವ ಪೇಸ್ಟು ಇವುಗಳಿಂದ ನಂಜೇರುವುದಲ್ಲದೆ ಮತ್ತೊಂದು ಫಲವಿಲ್ಲ. ಕುತ್ತಿಗೆ, ಕಂಕುಳು, ಮೊಣಕೈಗಳಂಥ ಕೀಲುಗಳ ಮೇಲೆ ಕಲೆ ಬಿದ್ದರೆ ಅದರ ಸಂಕೋಚವು ಅಂಗವನ್ನೇ ಹಿಡಿದುಬಿಡುತ್ತದೆ; ಗದ್ದವು ಎದೆಗೆ ಅಂಟಿದಂತಾದ ಬಾಲಕಿಯರನ್ನೂ, ಬೆರಳು ಬಿಚ್ಚಲಾಗದೆ ಲೇಖನಿ ಹಿಡಿಯಲು ಪರದಾಡುವ ಹುಡುಗರನ್ನೂ ಉಪಾಧ್ಯಾಯರು ಕಂಡಿರಬಹುದು. ಬೆಳೆಯುವ ಮಕ್ಕಳಲ್ಲಿ ಎಲುಬು ಉದ್ದವಾಗುತ್ತದೆ, ಕಲೆ ಆಗುವುದಿಲ್ಲ. ಆದುದರಿಂದ ಗಾಯವು ಮಾಯುತ್ತಿರುವಾಗಲೇ ಕೀಲನ್ನು ಪಟ್ಟಿಯಿಂದ ನೀಡಿ ಕಟ್ಟುವುದು, ದಿನವೂ ಆಡಿಸುವುದು, ಒತ್ತಿ ಹಿಡಿಯುವ ಬಿಗಿಯಾದ ಉಡುಪನ್ನು ತಿಂಗಳುಗಟ್ಟಲೆ ತೊಡಿಸುವುದು ಇವು ಶಸ್ತ್ರಕ್ರಿಯೆಯಷ್ಟೇ ಅವಶ್ಯಕ. ಕಾಮಾಲೆಗೆಂದೋ ಹೊಟ್ಟೆನೋವಿಗೆಂದೋ ಎಳೆಯ ಮಕ್ಕಳಿಗೆ ಬರೆ ಹಾಕಿಸುವ ರೂಢಿಯ ವಿಷಯದಲ್ಲಿ ಹೆಚ್ಚಿಗೆ ಬರೆಯಬೇಕಾದುದಿಲ್ಲ: ರೋಗಕ್ಕೂ ಬರೆಗೂ ಸಂಬಂಧವಿಲ್ಲ, ಕಲೆ ಮಾತ್ರ ಜೀವಮಾನದ್ದು.

ಚಿಕಿತ್ಸೆಯ ಮಾತು. ಕೀಲಾಯ್ಡನ್ನು ಕೊಯ್ದು ಹಾಕಿ ಸುಮ್ಮನಾದರೆ ನೂರಕ್ಕೆ ನಲವತ್ತೈದರಿಂದ ನೂರರವರೆಗೂ ಅದು ಮರಳುತ್ತದೆಯೆಂದು ವೈದ್ಯಗ್ರಂಥಗಳು ಹೇಳುತ್ತವೆ. ಕೊಯ್ಯುವುದೆಂದರೆ ಹಿಂದಿನದಕ್ಕಿಂತ ದೊಡ್ಡದಾದ ಹೊಸ ಗಾಯವನ್ನು ಅದೇ ನೂಲುವವನ ಕೈಗೆ ಒಪ್ಪಿಸಿದಂತೆಯೇ ಸರಿ. ಆದುದರಿಂದ ಮೊದಲು ಮಾಡಬೇಕಾದುದು ಆತನನ್ನು ಶಾಂತಗೊಳಿಸುವ ಕೆಲಸ. ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಔಷಧವನ್ನು ಗಂಟಿನೊಳಕ್ಕೇ ಸುಮಾರು ನಾಲ್ಕು ವಾರಕ್ಕೊಮ್ಮೆ ಚುಚ್ಚುವುದು ಬಹುಕಾಲದಿಂದ ನಡೆದುಬಂದ ಕ್ರಮ. ಇದರಿಂದ ಗಂಟು ಮೆತ್ತಗಾಗಿ ತಗ್ಗುತ್ತದೆ, ತುರಿಕೆ ನಿಲ್ಲುತ್ತದೆ. ಚರ್ಮವು ತೆಳುವಾಗುವುದೂ ಆ ಎಡೆ ಬಿಳಿಚುವುದೂ ಇದರ ಅನಿಷ್ಟಗಳು. ಸಿಲಿಕೋನಿನ ತೆಳುಹಾಳೆಯನ್ನು ದಿನಕ್ಕೆ ಹನ್ನೆರಡು ಗಂಟೆಗೆ ಕಡಿಮೆಯಿಲ್ಲದಂತೆ ಕೆಲವು ತಿಂಗಳು ಅಂಟಿಸಿಕೊಳ್ಳುವುದು, ಅತಿಶೀತದಿಂದ ಹೆಪ್ಪುಗಟ್ಟಿಸುವುದು, ಕಿವಿಯ ಹಾಲೆಗೆ ಒತ್ತುಚಿಮುಟ ತೊಡಿಸುವುದು ಮುಂತಾದುವೂ ಉಂಟು. ಕೊಯ್ಯಲೇಬೇಕಾದಲ್ಲಿ ಕೊಯ್ದ ಒಂದೆರಡು ದಿನಗಳೊಳಗೆ ಅಳತೆಯ ವಿಕಿರಣವನ್ನೋ, ಆ ಚುಚ್ಚುಮದ್ದನ್ನೋ ಕೂಡಿಸಿಕೊಳ್ಳುತ್ತಾರೆ. ಎಳೆಯ ಮಕ್ಕಳಲ್ಲಿ ವಿಕಿರಣವನ್ನು ಆದಷ್ಟು ದೂರವಿಡುತ್ತಾರೆ. ಇವೆಲ್ಲಕ್ಕೂ ಬೇಕಾದುದು ತಿಂಗಳುಗಳ ತಾಳ್ಮೆ. ಒಂದೇ 'ಸಿಟ್ಟಿಂಗಿ'ನಲ್ಲಿ ಬೇರುಸಹಿತ ತೆಗೆದುಹಾಕುವೆವೆಂಬ ಫಲಕಗಳನ್ನು ಕಂಡಲ್ಲಿ ದೂರ ಸರಿಯುವುದು ವಿವೇಕ.

ಕಲೆಯ ನೋವಿಗಿಂತ ಕಲೆಯ ಅಪವಾದ ದೊಡ್ಡದಾಗುವುದೂ ಉಂಟು. ಹೆಗಲ ಮೇಲೆ ಕೀಲಾಯ್ಡ್ ಇರುವ ಹುಡುಗನ ಪಕ್ಕದಲ್ಲಿ ಕುಳಿತುಕೊಳ್ಳಲು ಸಹಪಾಠಿಗಳು ಹಿಂಜರಿಯುವುದು, ಕುಷ್ಠವೆಂದು ಪಿಸುಗುಟ್ಟುವುದು, ಹೆಣ್ಣಿನ ಸಂಬಂಧ ತಪ್ಪಿಹೋಗುವುದು ಕೇಳಿ ತಿಳಿಯದ ಸಂಗತಿಗಳಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಂಟುವುದಕ್ಕೆ ಇದರಲ್ಲಿ ರೋಗಾಣುವೇ ಇಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ತಗ್ಗಿರುತ್ತದೆ. ಕೀಲಾಯ್ಡಿನಲ್ಲಾದರೋ ತುರಿಕೆಯೂ ಚುಚ್ಚುನೋವೂ ಸಾಮಾನ್ಯ. ಇದಕ್ಕೆ ವಿರುದ್ಧವಾಗಿ, ಸುಡಾನಿನ ನೂಬಾ ಮೊದಲಾದ ಜನಾಂಗಗಳಲ್ಲಿ ಚರ್ಮವನ್ನು ಸಾಲುಸಾಲಾಗಿ ಗೀರಿ ಉಬ್ಬುಗಲೆಗಳನ್ನೇ ಮೈಯ ಒಡವೆಯಾಗಿ ಮೂಡಿಸಿಕೊಳ್ಳುವ ಪದ್ಧತಿಯಿತ್ತು. ಒಂದೆಡೆ ಮದುವೆಗೆ ಅಡ್ಡಿಯಾದ ಕಲೆ ಇನ್ನೊಂದೆಡೆ ಮದುವೆಯ ವಯಸ್ಸಿನ ಅಲಂಕಾರ.

ಕಲೆಯೇ ಇಲ್ಲದೆ ಮಾಯುವುದು ಸಾಧ್ಯವೇ ಎಂಬುದು ಈಗಿನ ವಿಜ್ಞಾನಿಗಳ ಪ್ರಶ್ನೆ. ನಿಸರ್ಗದಲ್ಲಿ ಅದಕ್ಕೆ ನಿದರ್ಶನಗಳಿವೆ. ಗರ್ಭದಲ್ಲಿರುವ ಶಿಶುವಿನ ಚರ್ಮವು ಸುಮಾರು ಆರನೆಯ ತಿಂಗಳವರೆಗೆ ಕಲೆಯುಳಿಯದಂತೆ ಮಾಯುತ್ತದೆ. ಬಾಯಿಯ ಒಳಗೋಡೆಯ ಗಾಯಗಳೂ ಬೇಗನೆ, ಬಹುಮಟ್ಟಿಗೆ ಗುರುತಿಲ್ಲದೆ ವಾಸಿಯಾಗುತ್ತವೆ. ಆಫ್ರಿಕಾದ ಒಂದು ಜಾತಿಯ ಮುಳ್ಳುಗೂದಲ ಇಲಿ, ಶತ್ರು ಹಿಡಿದಾಗ ತನ್ನ ಬೆನ್ನಿನ ಚರ್ಮವನ್ನೇ ಹರಿದುಕೊಟ್ಟು ಓಡಿಹೋಗಿ, ಕೂದಲು ಗ್ರಂಥಿಗಳ ಸಹಿತವಾಗಿ ಅದನ್ನು ಮತ್ತೆ ಬೆಳೆಸಿಕೊಳ್ಳುವುದೆಂದು ೨೦೧೨ರಲ್ಲಿ ಪ್ರಕಟವಾಯಿತು. ೨೦೨೧ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಸೆಳೆತದ ಸುದ್ದಿಯು ತಂತುಜನಕ ಕೋಶವನ್ನು ತಲಪದಂತೆ ಔಷಧವೊಂದರಿಂದ ತಡೆದಾಗ, ಸಾಮಾನ್ಯ ಇಲಿಗಳ ಗಾಯವೂ ಕೂದಲು ಗ್ರಂಥಿಗಳೊಡನೆ ಸಹಜ ಚರ್ಮದಂತೆಯೇ ಮಾಯಿತೆಂದು ತೋರಿಸಿದರು.

ಇಲಿಯಿಂದ ಮನುಷ್ಯನಿಗೆ ದಾರಿ ದೂರವಿದೆ. ಇಲಿಯ ಚರ್ಮವು ಸಡಿಲವಾದುದು. ಅದರ ಕೆಳಗೆ ಹರಡಿರುವ ತೆಳುವಾದ ಸ್ನಾಯುವಿನ ಹಾಸೇ ಗಾಯವನ್ನು ಎಳೆದು ಮುಚ್ಚಿಬಿಡುತ್ತದೆ. ಮನುಷ್ಯನಿಗೆ ಅಂಥ ಹಾಸು ಬಹುಭಾಗದಲ್ಲಿ ಇಲ್ಲ. ಕುದುರೆಯ ಕಾಲಿನ ಗಾಯದಲ್ಲಿ ಮಾಂಸಾಂಕುರಗಳು ಮಿತಿಮೀರಿ ಬೆಳೆಯುವುದುಂಟಾದರೂ ನಿಜವಾದ ಕೀಲಾಯ್ಡ್ ಮನುಷ್ಯನಲ್ಲಲ್ಲದೆ ಬೇರಾವ ಪ್ರಾಣಿಯಲ್ಲಿಯೂ ಹುಟ್ಟುವುದಿಲ್ಲ. ಆ ಕಾರಣದಿಂದ ಪ್ರಯೋಗಶಾಲೆಯಲ್ಲಿ ಅದನ್ನು ಪ್ರಾಣಿಯ ಮೈಮೇಲೆ ಬರಿಸಿ ನೋಡುವ ಉಪಾಯವಿಲ್ಲದೆ, ರೋಗಿಗಳಿಂದ ಕೊಯ್ದು ತೆಗೆದ ತುಣುಕುಗಳಿಂದ ಬೇರ್ಪಡಿಸಿದ ತಂತುಜನಕ ಕೋಶಗಳನ್ನು ಗಾಜಿನ ಬಟ್ಟಲಿನಲ್ಲಿ ಬೆಳೆಸಿಯೇ ಈ ಗಂಟಿನ ಸಂಶೋಧನೆಯು ಹೆಚ್ಚಾಗಿ ನಡೆಯುತ್ತಿದೆ.